ಬೀಟೆ, ಬಂದರು ಮತ್ತು ಆರು ಮಿಲಿಮೀಟರ್: ಗಿಟಾರ್ ಮರದ ಚರಿತ್ರೆಗೆ ಒಂದು ಟಿಪ್ಪಣಿ

ಕೈಯಿಂದ ಅಕೂಸ್ಟಿಕ್ ಗಿಟಾರ್ ಕಟ್ಟುವವರ ಮಾತು ಕೇಳಿದರೆ ಮರ ಎಂದರೆ ನಾದ. ಮೇಲ್ಹಲಗೆಗೆ ಸ್ಪ್ರೂಸ್, ಬೆನ್ನಿಗೂ ಪಕ್ಕೆಗಳಿಗೂ ಬೀಟೆ, ಅಂದರೆ ರೋಸ್‌ವುಡ್. ಈ ಜೋಡಿ ತಲೆಮಾರುಗಳ ಕಿವಿ ಒಪ್ಪಿದ್ದರಿಂದಲೇ ನೆಲೆನಿಂತಿತು ಎಂಬ ನಂಬಿಕೆ ಗಟ್ಟಿಯಾಗಿದೆ. ಮೇಲ್ಹಲಗೆಯ ಮಟ್ಟಿಗೆ ಅದನ್ನು ಒಪ್ಪಬಹುದು. ಬೆನ್ನಿನ ಮರದ ಕಥೆ ಬೇರೆ. ಯಾವ ಕಾಡಿನ ಮರ ಅಲ್ಲಿಗೆ ಬರಬೇಕೆಂದು ತೀರ್ಮಾನಿಸಿದ್ದು ಹೆಚ್ಚಾಗಿ ಬಂದರು, ಸುಂಕದ ಪಟ್ಟಿ ಮತ್ತು ಮರದ ಒಡೆತನದ ಕಾನೂನು. ಕಿವಿ ಆಮೇಲೆ ಒಗ್ಗಿಕೊಂಡಿತು.

ಸಂಶಯ ಹೊಸದೇನಲ್ಲ. ಇಂದಿನ ಸ್ಪ್ಯಾನಿಷ್ ಗಿಟಾರಿಗೆ ರೂಪ ಕೊಟ್ಟ ಆಂತೋನಿಯೋ ದೆ ತೋರೆಸ್ 1862ರಲ್ಲಿ ಒಂದು ವಿಚಿತ್ರ ವಾದ್ಯ ಕಟ್ಟಿದ. ಮೇಲ್ಹಲಗೆ ಒಳ್ಳೆಯ ಸ್ಪ್ರೂಸ್; ಬೆನ್ನು, ಪಕ್ಕೆಗಳೆಲ್ಲ ರಟ್ಟು. ನಾದ ಹುಟ್ಟುವುದು ಮುಖ್ಯವಾಗಿ ಮೇಲ್ಹಲಗೆಯಲ್ಲಿ ಎಂದು ತೋರಿಸುವುದು ಅವನ ಉದ್ದೇಶ. ಆ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದೇ ದಿಕ್ಕಿನದು. ಬೆನ್ನು ಮತ್ತು ಪಕ್ಕೆಯ ಮರವೊಂದನ್ನು ಬಿಟ್ಟು ಉಳಿದಂತೆ ಒಂದೇ ಬಗೆಯ ಆರು ಗಿಟಾರ್‌ಗಳನ್ನು 52 ವಾದಕರು ಮಬ್ಬು ಬೆಳಕಿನಲ್ಲಿ ನುಡಿಸಿ ನೋಡಿದರು. ದುಬಾರಿ ಬ್ರೆಜಿಲ್ ರೋಸ್‌ವುಡ್‌ಗೂ ಅಗ್ಗದ ಸಪೇಲೆಗೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಬೀಟೆಯ ಜಾತಿಯ ಮರಗಳಿಗೆ ಆ ಪಟ್ಟ ಬಂದದ್ದು ಹೇಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಅಟ್ಲಾಂಟಿಕ್ ಕರಾವಳಿಯ ಕಾಡಿನಿಂದ ಬ್ರೆಜಿಲ್‌ನ ರೋಸ್‌ವುಡ್, ಅಂದರೆ ಜಕರಾಂಡಾ ಮರದ ದಿಮ್ಮಿಗಳು ಯುರೋಪು, ಅಮೆರಿಕದ ಬಂದರುಗಳಿಗೆ ಧಾರಾಳವಾಗಿ ಬರುತ್ತಿದ್ದವು. ಪಿಯಾನೋ ಮಾಡುವವರು, ಮೇಜು ಕುರ್ಚಿ ಮಾಡುವವರು ಮೊದಲ ಗಿರಾಕಿಗಳು. ಗಿಟಾರಿನವರು ಅವರ ಹಿಂದೆ ನಿಂತ ಸಣ್ಣ ಗಿರಾಕಿಗಳು. ಸ್ಯಾಕ್ಸನಿಯಿಂದ ವಲಸೆ ಬಂದು 1833ರಲ್ಲಿ ನ್ಯೂಯಾರ್ಕ್‌ನಲ್ಲಿ ಅಂಗಡಿ ತೆರೆದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಕೈಗೆ ಸಿಕ್ಕಿದ್ದು ಈ ಮರವೇ. ಅವನ ಮನೆತನದ ಕಂಪನಿ ಪೆನ್ಸಿಲ್ವೇನಿಯಾದ ನಜರೆತ್‌ಗೆ ಹೋದ ಮೇಲೂ ನೂರಕ್ಕೂ ಹೆಚ್ಚು ವರ್ಷ ಅದನ್ನೇ ನೆಚ್ಚಿಕೊಂಡಿತ್ತು. ಇದೇ ಕಾಲಕ್ಕೆ ನಮ್ಮ ಮಲಬಾರಿನ ಬೀಟೆ ಮುಂಬಯಿಗೆ ಹೋಗಿ, ‘ಬಾಂಬೆ ಬ್ಲ್ಯಾಕ್‌ವುಡ್’ ಎಂಬ ಹೆಸರಿನಲ್ಲಿ ತುಂಬು ಕೆತ್ತನೆಯ ಸೋಫಾ, ಮೇಜುಗಳಾಗುತ್ತಿತ್ತು. ಮೈಸೂರಿನ ಕುಶಲಕರ್ಮಿಗಳು ಬೀಟೆಯ ಹಲಗೆಯಲ್ಲಿ ದಂತ ಕೂರಿಸಿ ಮಾಡುತ್ತಿದ್ದ ಕೆಲಸ ಪ್ರಸಿದ್ಧವಾಗಿತ್ತು. ಆ ಕಲೆಗೆ 2005ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಚಿತ್ತಾರದ ಕೆಲಸಕ್ಕೆ ಚೂರುಪಾರು ಮರವೂ ನಡೆಯುತ್ತದೆ. ಗಿಟಾರಿಗೆ ನಡೆಯುವುದಿಲ್ಲ.

ಏಕೆಂದು ಕೊಂಚ ಹತ್ತಿರದಿಂದ ನೋಡಬೇಕು. ದೊಡ್ಡ ಗಾತ್ರದ ‘ಡ್ರೆಡ್‌ನಾಟ್’ ಗಿಟಾರಿನ ಬೆನ್ನು ಅಗಲವಾದ ಕಡೆ ಸುಮಾರು 40 ಸೆಂಟಿಮೀಟರ್. ಒಂದೇ ತುಂಡನ್ನು ದಪ್ಪದಲ್ಲಿ ಸೀಳಿ, ಪುಸ್ತಕ ತೆರೆದಂತೆ ಬಿಡಿಸಿ, ನಡುವೆ ಅಂಟಿಸುವುದು ವಾಡಿಕೆ. ಅಂದರೆ ಪ್ರತಿ ಅರ್ಧಕ್ಕೂ 20 ಸೆಂಟಿಮೀಟರಿಗಿಂತ ಹೆಚ್ಚು ಅಗಲ ಬೇಕು. ಹವೆ ಬದಲಾದಾಗ ಹಲಗೆ ಸೊಟ್ಟಗಾಗದಿರಲು ವಾರ್ಷಿಕ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ, ತಿರುಳಿನಿಂದ ತೊಗಟೆಯ ಕಡೆಗೆ ಕೊಯ್ಯಬೇಕು. ನಡುವಿನ ತಿರುಳು, ಹೊರಗಿನ ಬಿಳಿ ಮರ ಎರಡನ್ನೂ ಬಿಟ್ಟು ಚೇಗಿನಲ್ಲೇ ಅಷ್ಟು ಅಗಲ ದೊರೆಯಬೇಕೆಂದರೆ ಕಾಂಡ ಅರ್ಧ ಮೀಟರಿಗೂ ಹೆಚ್ಚು ದಪ್ಪವಿರಬೇಕು. ಬೀಟೆ ನಿಧಾನವಾಗಿ ಬೆಳೆಯುವ ಮರ. ಆ ದಪ್ಪಕ್ಕೆ ಬರುವ ಹೊತ್ತಿಗೆ ನೆಟ್ಟವನು ಇರುವುದಿಲ್ಲ. ಗಂಟು, ಬಿರುಕು, ಹುಳು ಕೊರೆದ ತೂತು ಇದ್ದರೆ ಆ ತುಂಡೂ ಹೋಯಿತು. ಇಷ್ಟೆಲ್ಲ ಆಯ್ದ ಹಲಗೆಯನ್ನು ಕಡೆಗೆ ಎರಡೂವರೆ ಮಿಲಿಮೀಟರಿನಷ್ಟು ತೆಳುವಾಗುವವರೆಗೆ ಹೆರೆಯುತ್ತಾರೆ.

1960ರ ದಶಕದಲ್ಲಿ ಜಾನಪದ ಸಂಗೀತದ ಅಲೆ ಎದ್ದು ಅಮೆರಿಕದಲ್ಲಿ ಗಿಟಾರಿನ ಬೇಡಿಕೆ ಒಮ್ಮೆಲೇ ಏರಿತು. ಅಗಲವಾದ ಬ್ರೆಜಿಲ್ ಮರ ಸಿಗುವುದು ಅಷ್ಟರಲ್ಲೇ ಕಷ್ಟವಾಗಿತ್ತು. ಮಾರ್ಟಿನ್ 1965ರಲ್ಲಿ ಹೊರತಂದ ಡಿ-35ರ ಬೆನ್ನು ಮೂರು ತುಂಡಿನದು. ಎರಡು ತುಂಡಿಗೆ ಅಗಲ ಸಾಲದ ಹಲಗೆಗಳನ್ನು ಬಳಸಲು ಹೂಡಿದ ಉಪಾಯ ಅದು. ಅದರ ದನಿಗೆ ತನ್ನದೇ ಗುಣವಿದೆ ಎನ್ನುವ ಅಭಿಮಾನಿಗಳು ಬಳಿಕ ಹುಟ್ಟಿಕೊಂಡರು. ಮರದ ಕೊರತೆಯಿಂದ ಒಂದು ರುಚಿ ಹುಟ್ಟಿದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಕಂಡಿಲ್ಲ. ದಶಕದ ಕೊನೆಯ ಹೊತ್ತಿಗೆ ಬ್ರೆಜಿಲ್ ಕೊಯ್ಯದ ದಿಮ್ಮಿಗಳ ರಫ್ತಿಗೆ ತಡೆ ಹಾಕಿತು. ಸೀಳುವ ಕೆಲಸ ತನ್ನ ನೆಲದಲ್ಲೇ ಆಗಲಿ ಎಂಬುದು ಅದರ ಇರಾದೆ. 1969ರಲ್ಲಿ ಮಾರ್ಟಿನ್ ಭಾರತದ ಬೀಟೆಗೆ ಹೊರಳಿತು. ಪಶ್ಚಿಮ ಘಟ್ಟದ ಮರ ಜಗತ್ತಿನ ಗಿಟಾರಿನ ಬೆನ್ನೇರಿದ್ದು ಹೀಗೆ. 1992ರಲ್ಲಿ ಬ್ರೆಜಿಲ್ ಮರ ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿ, ಅದರ ವ್ಯಾಪಾರ ಬಹುಮಟ್ಟಿಗೆ ನಿಂತೇಹೋಯಿತು.

ಭಾರತವೂ ಕೊಯ್ದ ಮರದ ರಫ್ತಿಗೆ ಕಡಿವಾಣ ಹಾಕಿತ್ತು. ಆದರೆ ಸುಂಕದ ಪಟ್ಟಿಯಲ್ಲಿ ಆರು ಮಿಲಿಮೀಟರಿಗಿಂತ ದಪ್ಪಗಿನ ಹಲಗೆಗೆ ಒಂದು ಸಂಖ್ಯೆ, ಅದಕ್ಕಿಂತ ತೆಳುವಾದದ್ದಕ್ಕೆ ಇನ್ನೊಂದು. ಬೆನ್ನು, ಪಕ್ಕೆಯ ತೆಳು ಹಲಗೆಗಳಿಗೆ ತೊಡಕಿಲ್ಲ. ಬೆರಳೊತ್ತುವ ಪಟ್ಟಿ, ಅಂದರೆ ಫಿಂಗರ್‌ಬೋರ್ಡ್, ಅದಕ್ಕಿಂತ ದಪ್ಪ. ಅದು ಕೊಯ್ದ ಹಲಗೆಯೋ, ವಾದ್ಯದ ಬಿಡಿಭಾಗವೋ? ಈ ಒಣ ಪ್ರಶ್ನೆಯ ಸುತ್ತ 2011ರ ಆಗಸ್ಟ್‌ನಲ್ಲಿ ದೊಡ್ಡ ಗಲಾಟೆಯೇ ಆಯಿತು. ಮೂಲ ದೇಶದ ಕಾನೂನು ಮುರಿದು ಮರ ತರುವುದನ್ನು ಅಪರಾಧವೆಂದು ನೋಡುವಂತೆ ಅಮೆರಿಕ 2008ರಲ್ಲಿ ಲೇಸಿ ಕಾಯ್ದೆಯನ್ನು ವಿಸ್ತರಿಸಿತ್ತು. ಅದರಡಿ ಅಧಿಕಾರಿಗಳು ಗಿಬ್ಸನ್ ಗಿಟಾರ್ ಕಂಪನಿಯ ನ್ಯಾಶ್‌ವಿಲ್, ಮೆಂಫಿಸ್ ಕಾರ್ಖಾನೆಗಳಿಗೆ ನುಗ್ಗಿ ಭಾರತದ ಬೀಟೆ ಮತ್ತು ಎಬೊನಿ ಪಟ್ಟಿಗಳನ್ನು ಹೊತ್ತೊಯ್ದರು. ಮರುವರ್ಷ ರಾಜಿಯಾಯಿತು. ಕಂಪನಿ ಮೂರು ಲಕ್ಷ ಡಾಲರ್ ದಂಡ ತೆತ್ತಿದ್ದು ಮಡಗಾಸ್ಕರ್‌ನ ಎಬೊನಿಯ ವಿಚಾರಕ್ಕೆ. ಭಾರತದ ನಿಯಮ ಅಸ್ಪಷ್ಟವಾಗಿದೆ ಎಂದು ಒಪ್ಪಿ ಭಾರತದಿಂದ ಬಂದ ಮರವನ್ನು ಹಿಂದಿರುಗಿಸಲಾಯಿತು. ಇಷ್ಟೆಲ್ಲ ರಾದ್ಧಾಂತದಲ್ಲಿ ಚರ್ಚೆಯಾದದ್ದು ಪಟ್ಟಿಯ ದಪ್ಪ ಮತ್ತು ಸುಂಕದ ಸಂಖ್ಯೆ. ಆ ಮರ ನಿಂತಿದ್ದ ಕಾಡು ಯಾವ ಸ್ಥಿತಿಯಲ್ಲಿದೆ ಎಂಬ ಪ್ರಶ್ನೆ ಬದಿಗೆ ಸರಿಯಿತು.

2017ರ ಜನವರಿ 2ರಿಂದ ಮೊದಲ ಅನುಬಂಧದಲ್ಲೇ ಉಳಿದ ಬ್ರೆಜಿಲ್ ಮರವನ್ನು ಬಿಟ್ಟು ಬೀಟೆಯ ಕುಲದ ಎಲ್ಲ ಮರಗಳೂ ಸೈಟ್ಸ್‌ನ ಎರಡನೆಯ ಅನುಬಂಧಕ್ಕೆ ಬಂದವು. ಇದರ ಹಿಂದಿದ್ದ ದೊಡ್ಡ ಕಾರಣ ಚೀನಾದ ಪೀಠೋಪಕರಣ ಮಾರುಕಟ್ಟೆಯ ಹಸಿವು. ಅನುಮತಿಪತ್ರದ ಗೋಳು ಮಾತ್ರ ಗಿಟಾರಿನವರ ಪಾಲಿಗೂ ಬಂತು. 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೂ ಬಿಡಿಭಾಗಗಳಿಗೂ ವಿನಾಯಿತಿ ಸಿಕ್ಕಿತು.

ಇನ್ನು ಮರ ನಿಂತಿರುವ ನೆಲದ ಮಾತು. ಕಾಡಿನ ಬೀಟೆ ಸರ್ಕಾರದ್ದು. ಅದು ಇಲಾಖೆಯ ನಾಟಾ ಡಿಪೋಗೆ ಬಂದು ಹರಾಜಾಗುತ್ತದೆ. ತೋಟದ ಬೀಟೆಯ ಹಕ್ಕು ಜಟಿಲ. ಕೊಡಗಿನಲ್ಲಿ ‘ಅನ್‌ರಿಡೀಮ್ಡ್’ ಎಂದು ಕರೆಯುವ ಜಮೀನುಗಳಲ್ಲಿ ಮರದ ಹಕ್ಕು ಸರ್ಕಾರದ್ದೇ. ಕೇರಳದ ವಯನಾಡಿನ ಪಟ್ಟಾ ಜಮೀನುಗಳಲ್ಲೂ ಬೀಟೆ ಸರ್ಕಾರಕ್ಕೆ ಮೀಸಲು. 2020ರ ಅಕ್ಟೋಬರಿನ ಒಂದು ಸರ್ಕಾರಿ ಆದೇಶವನ್ನು ನೆಪಮಾಡಿಕೊಂಡು ಅಲ್ಲಿನ ಮುಟ್ಟಿಲ್‌ನಲ್ಲಿ ಹಳೆಯ ಬೀಟೆಗಳು ಉರುಳಿದ್ದು ದೊಡ್ಡ ಪ್ರಕರಣವಾಯಿತು. ತನ್ನದಲ್ಲದ ಮರವನ್ನು ಬೆಳೆಗಾರ ಯಾಕೆ ಬೆಳೆಸಿಯಾನು? ಕಾಫಿ ತೋಟದ ನೆರಳಿಗೆ ಸಿಲ್ವರ್ ಓಕ್ ಹಬ್ಬಿದ್ದಕ್ಕೆ ಅದು ಬೇಗ ಬೆಳೆಯುವುದು ಒಂದು ಕಾರಣ, ಸಲೀಸಾಗಿ ಕಡಿದು ಮಾರಬಹುದೆಂಬುದು ಇನ್ನೊಂದು. ಶ್ರೀಗಂಧದ ವಿಷಯದಲ್ಲಿ ಕರ್ನಾಟಕ 2001ರಲ್ಲಿ ಕಾಯ್ದೆ ತಿದ್ದಿ, ಖಾಸಗಿ ಜಮೀನಿನ ಮರದ ಒಡೆತನವನ್ನು ಜಮೀನಿನವನಿಗೇ ಕೊಟ್ಟಿತು. ಬೀಟೆಗೆ ಅಂಥ ಸ್ಪಷ್ಟತೆ ಬಂದಿಲ್ಲ. ಅತ್ತ ಜಾವಾದ ರೈತರು ಇದೇ ಮರವನ್ನು ‘ಸೋನೊಕೆಲಿಂಗ್’ ಎಂದು ಕರೆದು, ಬೇರಿನಿಂದ ಚಿಗುರುವ ಸಸಿಗಳಿಂದ ಹೊಲದ ಬದುಗಳಲ್ಲಿ ಬೆಳೆಸುತ್ತಾರೆ. ಆ ಮರವೂ ಗಿಟಾರ್ ಕಾರ್ಖಾನೆಗಳಿಗೆ ಹೋಗುತ್ತಿದೆ.