ಸೋತ ಮೇಲ್ಮನವಿ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಐರೀನ್ ಮರ್ಡಾಕ್ ಗಂಡನೊಡನೆ ದನ ಸಾಕುತ್ತ ಬದುಕು ಕಟ್ಟಿದವರು. ಹುಲ್ಲು ಕೊಯ್ದರು, ಲಾರಿ ಓಡಿಸಿದರು, ದನಗಳಿಗೆ ಲಸಿಕೆ ಹಾಕಿದರು. ವರ್ಷದಲ್ಲಿ ಐದು ತಿಂಗಳು ಗಂಡ ಹೊರಗೆ ದುಡಿಯುವಾಗ ಎಲ್ಲವನ್ನೂ ಅವರೇ ನೋಡಿಕೊಂಡರು. ದಾಂಪತ್ಯ ಮುರಿದಾಗ ಮನೆ, ಜಮೀನಿನಲ್ಲಿ ಪಾಲು ಕೇಳಿದರು. ಪತ್ರಗಳಿದ್ದದ್ದು ಗಂಡನ ಹೆಸರಿನಲ್ಲಿ. ಕೆಳಗಿನ ಕೋರ್ಟಿನಲ್ಲಿ ಸೋತು ಮೇಲ್ಮನವಿ ಸಲ್ಲಿಸಿದರು. 1973ರಲ್ಲಿ ಸುಪ್ರೀಂ ಕೋರ್ಟು 4–1ರ ಬಹುಮತದಿಂದ ಅದನ್ನೂ ತಳ್ಳಿಹಾಕಿತು: ಇವೆಲ್ಲ ರೈತನ ಹೆಂಡತಿ ಮಾಡುವ ಮಾಮೂಲಿ ಕೆಲಸವಂತೆ! ಒಪ್ಪದವರು ನ್ಯಾಯಮೂರ್ತಿ ಬೋರಾ ಲಾಸ್ಕಿನ್ ಒಬ್ಬರೇ.

ಹೆಂಗಸರ ಸಿಟ್ಟು ಬೀದಿಗೆ ಬಂತು. 1978ರಲ್ಲಿ ಆಂಟಾರಿಯೊ, ಆಲ್ಬರ್ಟಾ ಪ್ರಾಂತ್ಯಗಳು ಮನೆಗೆಲಸವನ್ನೂ ಪಾಲಿನ ಲೆಕ್ಕಕ್ಕೆ ತರುವ ಶಾಸನ ಮಾಡಿದವು.

ನಮ್ಮ 1955ರ ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಮದುವೆಯ ಹೊತ್ತಿಗೆ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳನ್ನಷ್ಟೇ ಹೇಳುತ್ತದೆ. ಆಮೇಲೆ ಕಟ್ಟಿದ ಮನೆಗೆ ಹೆಂಡತಿ ಸುರಿಸಿದ ಬೆವರು ಯಾವ ಪತ್ರದಲ್ಲಿದೆ?