ಆರನ್ ದ್ವೀಪಗಳ ಬಿಳಿಯ ಉಣ್ಣೆಯಂಗಿ

ನಮ್ಮ ರಾಯದುರ್ಗದ ಸೀಮೆಯವರಿಗೆ ಕಂಬಳಿಯನ್ನು ಪರಿಚಯ ಮಾಡಿಕೊಡಬೇಕಾದುದಿಲ್ಲ. ಕುರಿಯ ಮೈಮೇಲಿನ ಕರಿಯ ಬಣ್ಣವೇ ಕಂಬಳಿಯ ಬಣ್ಣ. ಬಣ್ಣಗಾರನಿಗೆ ಅಲ್ಲಿ ಕೆಲಸವಿಲ್ಲ. ಹೆಂಗಸರು ನೂತ ಉಣ್ಣೆಯ ಹಾಸುನೂಲಿಗೆ ಹುಣಿಸೆಬೀಜದ ಗಂಜಿ ಹಚ್ಚಿ ಗಂಡಸರು ನೇಯುವುದು ರೂಢಿ. ಹೀಗೆ ಉಣ್ಣೆಯನ್ನು ಅದರ ಹುಟ್ಟುಬಣ್ಣದಲ್ಲಿಯೇ ಉಡುವ ವಾಡಿಕೆ ಇತರ ದೇಶಗಳಲ್ಲಿಯೂ ಉಂಟು. ಅಂತಹವುಗಳ ಪೈಕಿ ಲೋಕಪ್ರಸಿದ್ಧವಾದುದು ಐರ್ಲೆಂಡಿನ ಪಶ್ಚಿಮ ತೀರದಾಚೆಯ ಆರನ್ ದ್ವೀಪಗಳ ಸ್ವೆಟರು. ನಮ್ಮಲ್ಲಿ ಕಪ್ಪು, ಅಲ್ಲಿ ಕೆನೆಬಿಳುಪು. ನಮ್ಮದು ಮಗ್ಗದಲ್ಲಿ ನೇಯ್ದದ್ದು, ಅವರದು ಕಡ್ಡಿಗಳಿಂದ ಹೆಣೆದದ್ದು.

ಆ ಅಂಗಿಯ ಎದೆಯ ಮೇಲೆ ಹಗ್ಗ ಹೊಸೆದಂತೆ, ಜೇನುಗೂಡಿನ ಕಣ್ಣುಗಳಂತೆ, ವಜ್ರಾಕೃತಿಗಳಂತೆ ಉಬ್ಬಿನಿಂತ ವಿನ್ಯಾಸಗಳಿರುತ್ತವೆ. ಇವುಗಳ ಬಗೆಗೆ ಒಂದು ಕಥೆ ಪ್ರಚಾರದಲ್ಲಿದೆ. ಈ ವಿನ್ಯಾಸಗಳು ಬಹು ಪ್ರಾಚೀನವಾದುವು. ಒಂದೊಂದು ಮನೆತನಕ್ಕೂ ಒಂದೊಂದು ಬಗೆ ಮೀಸಲು. ಕಡಲಿನಲ್ಲಿ ಮುಳುಗಿ ಸತ್ತ ಬೆಸ್ತನ ಶವವು ಎಷ್ಟೋ ದಿನಗಳ ಮೇಲೆ ದಡಕ್ಕೆ ಬಂದರೆ, ಮುಖದ ಗುರುತು ಸಿಗದಿದ್ದರೂ ಅಂಗಿಯ ಹೆಣಿಗೆಯಿಂದ ಅವನು ಯಾರ ಮನೆಯವನೆಂದು ತಿಳಿಯುತ್ತಿತ್ತಂತೆ. ಪ್ರಪಂಚದ ಉಡುಪುಗಳ ವಿಷಯ ಬಂದಾಗ ನಾನೂ ಈ ಕಥೆಯನ್ನು ಐದನೆಯ ತರಗತಿಯ ಮಕ್ಕಳಿಗೆ ಹೇಳಿದೆ. ಚೆನ್ನಾಗಿಯೇ ಹೇಳಿದೆನೆಂದು ತೋರುತ್ತದೆ, ತರಗತಿ ನಿಶ್ಶಬ್ದವಾಗಿತ್ತು. ಕಂಬಳಿ ನೇಯುವವರ ಮನೆಯ ಹುಡುಗನೊಬ್ಬ ಮಾತ್ರ ಎದ್ದು ನಿಂತು, “ಮೇಷ್ಟ್ರೇ, ಯಾವ ಗುರುತು ಯಾವ ಮನೆಯದೂಂತ ಎಲ್ಲಿ ಬರೆದಿಟ್ಟಿದ್ದರು?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ತಿಳಿದುಬಂದ ಸಂಗತಿಗಳನ್ನು ವಾಚಕರಲ್ಲಿ ನಿವೇದಿಸುತ್ತೇನೆ.

ಗಾಲ್ವೇ ಕೊಲ್ಲಿಯ ಬಾಯಲ್ಲಿ ಇನಿಶ್‌ಮೋರ್, ಇನಿಶ್‌ಮಾನ್, ಇನಿಶೀರ್ ಎಂಬ ಮೂರು ದ್ವೀಪಗಳಿವೆ. ನೆಲವೆಲ್ಲ ಸುಣ್ಣಕಲ್ಲಿನ ಹಾಸುಬಂಡೆ. ಮರಳನ್ನೂ ಕಡಲಕಳೆಯನ್ನೂ ಹೊತ್ತು ತಂದು ಬಂಡೆಯ ಮೇಲೆ ಹರಡಿ, ಮಣ್ಣನ್ನು ತಾವೇ ಮಾಡಿಕೊಂಡು ಆಲೂಗಡ್ಡೆ ಬೆಳೆದ ಜನ ಅವರು. ಸುತ್ತಲೂ ಇಂಗ್ಲಿಷ್ ಹಬ್ಬಿದರೂ ಮನೆಮಾತು ಐರಿಷ್ ಆಗಿಯೇ ಉಳಿಯಿತು. ಗಡಿನಾಡಿನವರಾದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಜೆ. ಎಂ. ಸಿಂಗ್ ಎಂಬ ಐರಿಷ್ ನಾಟಕಕಾರನು 1898ರಿಂದ ಮೊದಲಾಗಿ ಹಲವು ಬಾರಿ ಈ ದ್ವೀಪಗಳಿಗೆ ಹೋಗಿ ತಂಗಿದ್ದು, ಕಂಡುದನ್ನು 1907ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಜನರ ಉಡುಪನ್ನು ಅವನು ಸೂಕ್ಷ್ಮವಾಗಿ ಗಮನಿಸಿದ್ದಾನೆ. ಗಂಡಸರು ತೊಡುತ್ತಿದ್ದುದು ಮೂರೇ ಬಣ್ಣ: ಉಣ್ಣೆಯ ಸ್ವಂತ ಬಣ್ಣ, ನೀಲಿ, ಇವೆರಡರ ಎಳೆಗಳನ್ನು ಒಂದು ಬಿಟ್ಟು ಒಂದರಂತೆ ಸೇರಿಸಿ ನೇಯ್ದ ಬೂದು. ನೇಯ್ದ ಬಟ್ಟೆ ಎಂಬುದನ್ನು ಗಮನಿಸಬೇಕು. ಬೆಸ್ತರ ಹೆಣೆದ ಅಂಗಿಯನ್ನು ದೊಡ್ಡ ದ್ವೀಪದ ಅನೇಕ ತರುಣರು ಹೊಸದಾಗಿ ತೊಡತೊಡಗಿದ್ದರೆಂದೂ, ನಡುವಣ ಇನಿಶ್‌ಮಾನ್ ದ್ವೀಪದಲ್ಲಿ ತಾನು ಕಂಡುದು ಅಂತಹ ಒಂದೇ ಒಂದು ಅಂಗಿ ಎಂದೂ ಅವನು ತಿಳಿಸುತ್ತಾನೆ. ಮನೆಮನೆಗೂ ಒಂದೊಂದು ಹೆಣಿಗೆಯ ಗುರುತು ತಲತಲಾಂತರದಿಂದ ನಡೆದುಬಂದಿದ್ದರೆ, ಅಂತಹ ಕಣ್ಣಿಗೆ ಅದು ಬೀಳದೆ ಹೋಗುತ್ತಿತ್ತೆ?

ಹಾಗಾದರೆ ಈ ಅಂಗಿ ಬಂದುದೆಲ್ಲಿಂದ? ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಕರಾವಳಿಯ ಬೆಸ್ತರು 19ನೆಯ ಶತಮಾನದಲ್ಲಿಯೇ ‘ಗ್ಯಾನ್ಸಿ’ ಎಂಬ ಕಡುನೀಲಿಯ ಬಿಗಿಹೆಣಿಗೆಯ ಅಂಗಿಯನ್ನು ತೊಡುತ್ತಿದ್ದರು. ಐರ್ಲೆಂಡಿನ ಪಶ್ಚಿಮ ಭಾಗದ ಬಡತನವನ್ನು ನೀಗಿಸಲೆಂದು 1891ರಲ್ಲಿ ಸರ್ಕಾರವು ಒಂದು ಮಂಡಲಿಯನ್ನು ಸ್ಥಾಪಿಸಿತು. ಅದು ಆರನ್‌ನಲ್ಲಿ ಮೀನುಗಾರಿಕೆಯನ್ನು ಬೆಳೆಸಲು ಹೊರಗಿನ ಬೆಸ್ತರನ್ನೂ ಕರೆಸಿತು. ಇಂತಹ ಹೋಗುಬರುವಿಕೆಯಿಂದ ಗ್ಯಾನ್ಸಿಯ ಹೆಣಿಗೆ ದ್ವೀಪಕ್ಕೆ ಬಂದಿತೆಂದೂ, 20ನೆಯ ಶತಮಾನದ ಮೊದಲ ದಶಕಗಳಲ್ಲಿ ದ್ವೀಪದ ಹೆಂಗಸರು ಅದನ್ನು ಮಾರ್ಪಡಿಸಿ ತಮ್ಮದನ್ನಾಗಿ ಮಾಡಿಕೊಂಡರೆಂದೂ ಹೆಣಿಗೆಯ ಚರಿತ್ರೆಯನ್ನು ಬರೆದವರ ಅಭಿಪ್ರಾಯ.

ಆ ಮಾರ್ಪಾಟು ಸಾಮಾನ್ಯವಾದುದಲ್ಲ. ನೀಲಿಯ ತೆಳುನೂಲಿನ ಬದಲು ಅವರು ಬಣ್ಣ ಕಟ್ಟದ ದಪ್ಪನೂಲನ್ನು ತೆಗೆದುಕೊಂಡರು. ಹಗ್ಗದ ವಿನ್ಯಾಸವನ್ನೇ ನೋಡೋಣ. ಸಾಲಿನ ನಡುವೆ ಮೂರು ಕುಣಿಕೆಗಳನ್ನು ಬೇರೊಂದು ಗಿಡ್ಡ ಕಡ್ಡಿಗೆ ಏರಿಸಿ ಮುಂದುಗಡೆ ಬಿಟ್ಟಿರಬೇಕು. ಅವುಗಳ ಆಚೆಯ ಮೂರನ್ನು ಮೊದಲು ಹೆಣೆದು, ಅನಂತರ ಬಿಟ್ಟವನ್ನು ಹೆಣೆಯಬೇಕು. ಒಂದರ ಮೇಲೊಂದು ಹಾಯ್ದು ತಿರುಚು ಬೀಳುತ್ತದೆ. ಕೆಲವು ಸಾಲುಗಳಾದ ಮೇಲೆ ಮತ್ತೆ ಹಾಗೆಯೇ ಮಾಡಿದರೆ ಹಗ್ಗ ಮುಂದುವರಿಯುತ್ತದೆ. ಅಕ್ಕಪಕ್ಕದ ಕುಣಿಕೆಗಳನ್ನು ಉಲ್ಟಾ ಹೆಣೆಯುವುದರಿಂದ ಅವು ತಗ್ಗಿ, ಸೀದಾ ಹೆಣೆದ ಹಗ್ಗ ಎದ್ದು ನಿಲ್ಲುತ್ತದೆ. ಎಣಿಕೆ ಒಂದೆಡೆ ತಪ್ಪಿದರೂ ಮೇಲಿನ ಸಾಲುಗಳೆಲ್ಲ ಕೆಡುತ್ತವೆ. ಈ ಉಬ್ಬುತಗ್ಗುಗಳ ನೆರಳು ಬಿಳಿಯ ಉಣ್ಣೆಯ ಮೇಲೆ ಸ್ಪಷ್ಟವಾಗಿ ಬೀಳುತ್ತದೆ. ಕಡುಬಣ್ಣದಲ್ಲಾದರೆ ಇಷ್ಟೆಲ್ಲ ಶ್ರಮ ಕತ್ತಲೆಯಲ್ಲಿ ಬರೆದ ಚಿತ್ರದಂತೆ ಅಡಗಿಬಿಡುತ್ತದೆ. ಬಣ್ಣ ಕಟ್ಟದಿರುವುದು ಇಲ್ಲಿ ಬಡತನದ ಗುರುತಲ್ಲ, ಅಂಗಿಯ ಶೋಭೆಗೇ ಅದು ಕಾರಣ. ಎಳೆಗಳು ಹಾಯ್ದು ಹಾಯ್ದು ಅರಿವೆ ಕುಗ್ಗುವುದರಿಂದ ನೂಲು ಹೆಚ್ಚು ಹಿಡಿಯುತ್ತದೆ. ದೊಡ್ಡ ಆಳಿನ ಅಂಗಿಗೆ ಸುಮಾರು ಒಂದು ಕಿಲೋ ಬೇಕು. ಹೆಚ್ಚು ತೊಳೆಯದ ಉಣ್ಣೆಯಾದರೆ ಕುರಿಯ ಮೈಯ ಜಿಡ್ಡು ಉಳಿದು ತುಂತುರುಮಳೆಯನ್ನೂ ಸ್ವಲ್ಪಮಟ್ಟಿಗೆ ತಡೆಯುತ್ತದೆ. ನಮ್ಮ ಕುರುಬರಿಗೆ ಈ ಗುಣ ತಿಳಿಯದುದೇನಲ್ಲ.

ಇನ್ನು ಶವದ ಕಥೆ. ಅದರ ಬೀಜವಿರುವುದೂ ಸಿಂಗನಲ್ಲಿಯೇ, ಆದರೆ ಅವನ ಪ್ರವಾಸದ ಪುಸ್ತಕದಲ್ಲಲ್ಲ, 1904ರಲ್ಲಿ ಡಬ್ಲಿನ್‌ನಲ್ಲಿ ಪ್ರಯೋಗವಾದ ‘ರೈಡರ್ಸ್ ಟು ದಿ ಸೀ’ ಎಂಬ ನಾಟಕದಲ್ಲಿ. ದೂರದ ತೀರದಲ್ಲಿ ಸಿಕ್ಕ ಶವದ ಮೇಲಿದ್ದ ಕಾಲುಚೀಲವನ್ನು ತಂಗಿಯು ನೋಡಿ, ತಾನು ಎತ್ತಿಕೊಂಡಿದ್ದ 60 ಕುಣಿಕೆಗಳಲ್ಲಿ 4ನ್ನು ಬಿಟ್ಟಿದ್ದುದನ್ನು ಎಣಿಸಿ, ಇದು ಅಣ್ಣನದೇ ಎಂದು ಅರಿಯುತ್ತಾಳೆ. ಅಲ್ಲಿರುವುದು ಅಂಗಿಯಲ್ಲ, ಕಾಲುಚೀಲ. ಮನೆತನದ ಗುರುತಲ್ಲ, ಒಬ್ಬಳ ಕೈಯ ಎಣಿಕೆ. ಬಾಯಿಂದ ಬಾಯಿಗೆ ಹೋಗುತ್ತ ಕಾಲುಚೀಲವು ಅಂಗಿಯಾಯಿತು, ಎಣಿಕೆಯು ಲಾಂಛನವಾಯಿತು.

ಪ್ರಾಚೀನತೆಯ ಮಾತನ್ನು ಹಬ್ಬಿಸಿದವರಲ್ಲಿ ಮುಖ್ಯನು ಆಕ್ಸ್‌ಫರ್ಡಿನ ನೂಲಿನ ವ್ಯಾಪಾರಿ ಹೈನ್ಸ್ ಎಡ್ಗರ್ ಕೀವೆ. ಸುಮಾರು ಕ್ರಿ.ಶ. 800ರ ‘ಕೆಲ್ಸ್ ಗ್ರಂಥ’ವೆಂಬ ಚಿತ್ರಿತ ಹಸ್ತಪ್ರತಿಯಲ್ಲಿಯೇ ಈ ಅಂಗಿ ಕಾಣುತ್ತದೆಂದು ಅವನು ಸಾರಿದನು, 1967ರಲ್ಲಿ ಹೆಣಿಗೆಯ ‘ಪವಿತ್ರ ಚರಿತ್ರೆ’ಯೊಂದನ್ನೇ ಬರೆದನು. ಹೆಣಿಗೆಯ ಕಲೆಯಾದರೋ ಅಷ್ಟು ಪ್ರಾಚೀನ ಕಾಲದಲ್ಲಿ ಐರ್ಲೆಂಡಿನಲ್ಲಿತ್ತೆಂಬುದಕ್ಕೆ ಆಧಾರವಿಲ್ಲ. ರಿಚರ್ಡ್ ರಟ್ ಎಂಬ ಬಿಷಪ್ಪನು 1987ರಲ್ಲಿ ಪ್ರಕಟಿಸಿದ ಕೈಹೆಣಿಗೆಯ ಚರಿತ್ರೆಯಲ್ಲಿ ಈ ವಾದವನ್ನು ನಿರಾಕರಿಸಿದ್ದಾನೆ. ಪಾದ್ರಿಯೊಬ್ಬನು ಪವಿತ್ರ ಚರಿತ್ರೆಯನ್ನು ಅಲ್ಲಗಳೆಯಬೇಕಾಗಿ ಬಂದುದು ಒಂದು ವಿನೋದವೇ ಸರಿ.

ಪೇಟೆಗೆ ಮಾತ್ರ ಹಳೆಯ ಕಥೆಯೇ ಒಪ್ಪಿತು. 1930ರಲ್ಲಿ ಮ್ಯೂರಿಯೆಲ್ ಗಹನ್ ಎಂಬಾಕೆ ಡಬ್ಲಿನ್‌ನಲ್ಲಿ ಹಳ್ಳಿಯ ಕೈಗೆಲಸಗಳಿಗಾಗಿ ತೆರೆದ ಅಂಗಡಿಯಲ್ಲಿ ಆರನ್ ಅಂಗಿಗಳಿಗೂ ಗಿರಾಕಿಗಳು ದೊರೆತರು. 1940ರ ದಶಕದಲ್ಲಿ ಹೆಣೆಯುವ ವಿಧಾನ ಅಚ್ಚಾಗಿ ಹೊರಬಂದಿತು. 1961ರಲ್ಲಿ ಕ್ಲ್ಯಾನ್ಸಿ ಸಹೋದರರೆಂಬ ಐರಿಷ್ ಗಾಯಕರು ಈ ಬಿಳಿಯ ಅಂಗಿಗಳನ್ನು ತೊಟ್ಟು ಅಮೆರಿಕದ ಟೆಲಿವಿಷನ್ನಿನಲ್ಲಿ ಹಾಡಿದ ಮೇಲಂತೂ ಬೇಡಿಕೆ ಏರಿತು. ಮನೆಮನೆಯಲ್ಲಿ ಹೆಂಗಸರು ಅಂಗಿಗಿಷ್ಟೆಂದು ಕೂಲಿ ಪಡೆದು ಹೆಣೆದರು. ಅಂಗಡಿಯವರು ಅಂಗಿಯೊಡನೆ ಮನೆತನದ ಕಥೆಯನ್ನೂ ಮಾರಿದರು.

ಆ ಕಥೆ ನನಗೆ ಈಗ ರುಚಿಸುವುದಿಲ್ಲ. ಸುಳ್ಳೆಂಬುದಷ್ಟೇ ಕಾರಣವಲ್ಲ. ಅದನ್ನು ನಂಬಿದರೆ ದ್ವೀಪದ ಹೆಂಗಸರು ಅಜ್ಜಿಯರು ಕೊಟ್ಟುದನ್ನು ನಕಲು ಮಾಡಿದವರಾಗುತ್ತಾರೆ. ನಿಜಸ್ಥಿತಿಯಲ್ಲಿ ಅವರು ನೋಡಿ, ಬಿಚ್ಚಿ, ಮತ್ತೆ ಹೆಣೆದು, ಒಂದೆರಡು ತಲೆಮಾರಿನಲ್ಲಿ ಹೊಸದೊಂದನ್ನು ನಿರ್ಮಿಸಿದವರು.

ಈ ವರ್ಷ ಅದೇ ಪಾಠ ಬಂದಾಗ ನಾಟಕವನ್ನು ನಾಟಕವೆಂದೇ ಹೇಳಿದೆ. ಆ ಹುಡುಗ ಮೇಲಿನ ತರಗತಿಗೆ ಹೋಗಿದ್ದನು. ಅವನನ್ನು ಕರೆದು, “ಗುರುತುಗಳನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ ಕಣಪ್ಪ, ನಾನು ಹೇಳಿದ್ದು ತಪ್ಪು” ಎಂದೆ. ಅವನು ಕೊಂಚ ಹೊತ್ತು ಯೋಚಿಸಿ, “ಹೆಣೆದೋರ ಹೆಸರನ್ನಾದರೂ ಬರೆದಿಟ್ಟಿದ್ದಾರಾ, ಮೇಷ್ಟ್ರೇ?” ಎಂದ. ಬಹುಮಂದಿಯ ಹೆಸರನ್ನು ಯಾರೂ ಬರೆದಿಡಲಿಲ್ಲವೆಂದು ಹೇಳಿದೆ. “ನಮ್ಮಜ್ಜಿ ನೂತಿದ್ದಕ್ಕೂ ಯಾರೂ ಬರೆದಿಲ್ಲ” ಎಂದು ಅವನು ತನ್ನ ತರಗತಿಗೆ ಹೋದ.