ಚದುರಂಗದ ಓದು: ಗ್ರಂಥಾಭ್ಯಾಸದ ಒಂದು ಚರಿತ್ರೆ

ಚದುರಂಗವನ್ನು ಎದುರಾಳಿಯ ಮುಂದೆ ಕುಳಿತು ಆಡುತ್ತಲೇ ಕಲಿಯಬೇಕೆಂಬ ನಂಬಿಕೆ ಎಲ್ಲ ನಾಡುಗಳಲ್ಲಿಯೂ ಉಂಟು. ಆದರೆ ಗ್ರಂಥವೊಂದನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿ ಹೇಳಿದ ನಡೆಗಳನ್ನು ಮಣೆಯ ಮೇಲೆ ಒಂದೊಂದಾಗಿ ನಡೆಸಿ ನೋಡಿ, ಒಬ್ಬಂಟಿಯಾಗಿ ಆಟವನ್ನು ತಿದ್ದಿಕೊಳ್ಳುವ ಪದ್ಧತಿಗೂ ಸಾವಿರ ವರ್ಷಗಳನ್ನು ಮೀರಿದ ಚರಿತ್ರೆಯಿದೆ. ಈ ಚರಿತ್ರೆಯನ್ನು ಗ್ರಂಥಕರ್ತರ ಸಾಲಾಗಿ ಕಾಣುವುದು ವಾಡಿಕೆ. ಅದರಲ್ಲಿ ಓದುಗರ ಪಾಲು ಗ್ರಂಥಕರ್ತರ ಪಾಲಿಗಿಂತ ಕಿರಿದಲ್ಲ. ತಮ್ಮ ಕಾಲದ ಪ್ರಮಾಣಗ್ರಂಥವನ್ನು ಮಣೆಯ ಮೇಲೆ ಪರೀಕ್ಷೆಗೊಡ್ಡಿ, ಅದರ ತಪ್ಪನ್ನು ಹಿಡಿದು ಮರುವಾದ ಹೂಡಿದವರಿಂದಲೇ ಮತ್ತೆ ಮತ್ತೆ ಮುಂದಿನ ಗ್ರಂಥ ಹುಟ್ಟಿತು.

ಆಟದ ತೌರಾದ ಭಾರತದಲ್ಲಿ ಅದರ ಉಲ್ಲೇಖ 7ನೇ ಶತಮಾನದ ಬಾಣನ ಹರ್ಷಚರಿತದಷ್ಟು ಹಿಂದೆಯೇ ಸಿಗುತ್ತದೆ. 9ನೇ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ತುರಗಪದಬಂಧವೆಂಬ ಚಿತ್ರಕಾವ್ಯವನ್ನು ಕೊಟ್ಟಿದ್ದಾನೆ. ಅಕ್ಷರಗಳನ್ನು ಮಣೆಯ ಮನೆಗಳಲ್ಲಿ ತುಂಬಿ, ಸಾಲಾಗಿ ಓದಿದರೂ ಕುದುರೆಯ ನಡೆಯನ್ನು ಅನುಸರಿಸಿ ಓದಿದರೂ ಒಂದೇ ಶ್ಲೋಕ ದೊರೆಯುವಂತೆ ರಚಿಸುವುದು ಈ ಬಂಧದ ಲಕ್ಷಣ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅರಸನಿಗೆ ತಕ್ಕ ಕ್ರೀಡೆಗಳ ನಡುವೆ ಚದುರಂಗಕ್ಕೂ ಸ್ಥಾನ ಕೊಟ್ಟನು. ಇವೆಲ್ಲವೂ ಅಮೂಲ್ಯವೇ ಹೌದು. ಆದರೂ ಆಡಿದ ಆಟವೊಂದನ್ನು ಮೊದಲಿನಿಂದ ಕೊನೆಯವರೆಗೆ ಬರೆದಿಟ್ಟು, ಇಲ್ಲಿ ಈ ನಡೆ ಏಕೆ ಸೋತಿತು ಎಂದು ವಿವೇಚಿಸುವ ಕೆಲಸ ಇವುಗಳ ಉದ್ದೇಶವಾಗಿರಲಿಲ್ಲ. ಆ ಬಗೆಯ ತಿಳಿವಳಿಕೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹೋಗುತ್ತಿತ್ತು.

ಆ ಕೆಲಸ ಬಾಗ್ದಾದಿನಲ್ಲಿ ನಡೆಯಿತು. ಪರ್ಷಿಯಾದ ಮೂಲಕ ಅರಬರ ಕೈಸೇರಿದ ಆಟ ಶತ್ರಂಜ್ ಎನಿಸಿಕೊಂಡು, ಅಬ್ಬಾಸಿ ಖಲೀಫರ ಆಸ್ಥಾನದಲ್ಲಿ ವೃತ್ತಿಯಾಟಗಾರರನ್ನು ಬೆಳೆಸಿತು. 9ನೇ ಶತಮಾನದಲ್ಲಿ ಅಲ್-ಅದ್ಲಿ ಬರೆದ ಶತ್ರಂಜ್ ಗ್ರಂಥ ಇಂದು ಮೂಲರೂಪದಲ್ಲಿ ಉಳಿದಿಲ್ಲ, ಅನಂತರದ ಹಸ್ತಪ್ರತಿಗಳಲ್ಲಿ ಸೇರಿಹೋದ ಭಾಗಗಳಿಂದ ಮಾತ್ರ ತಿಳಿಯುತ್ತದೆ. ಆ ಕಾಲದ ಆಟದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದುದರಿಂದ ಸೈನ್ಯಗಳು ಎದುರುಬದುರಾಗಲು ಹಲವು ನಡೆಗಳು ಬೇಕಾಗುತ್ತಿದ್ದವು; ಹೀಗೆ ಎದುರಾಳಿಯ ಕಾಯಿಗಳನ್ನು ಮುಟ್ಟುವ ಮೊದಲು ತನ್ನ ಪಡೆಯನ್ನು ಅಣಿಗೊಳಿಸುವ ವ್ಯೂಹಕ್ಕೆ ತಾಬಿಯಾ ಎಂದೂ, ಮಣೆಯ ಮೇಲಿನ ಒಂದು ನಿರ್ದಿಷ್ಟ ಸ್ಥಿತಿಯಿಂದ ಗೆಲುವನ್ನು ಹುಡುಕುವ ಸಮಸ್ಯೆಗೆ ಮನ್ಸೂಬಾ ಎಂದೂ ಹೆಸರಿತ್ತು. ಆರಂಭದ ವಿನ್ಯಾಸಕ್ಕೊಂದು ಅಭ್ಯಾಸ, ಬಿಡಿಸಬೇಕಾದ ಸ್ಥಿತಿಗೆ ಇನ್ನೊಂದು ಅಭ್ಯಾಸ ಎಂಬ ಈ ವಿಭಾಗ ಇಂದಿನ ಚದುರಂಗ ಪುಸ್ತಕಗಳಲ್ಲಿಯೂ ಹಾಗೆಯೇ ಉಳಿದಿದೆ.

10ನೇ ಶತಮಾನದ ಆರಂಭದಲ್ಲಿ ಖಲೀಫ ಅಲ್-ಮುಕ್ತಫಿಯ ಸಮ್ಮುಖದಲ್ಲಿ ಆಸ್ಥಾನದ ಮೆಚ್ಚಿನ ಆಟಗಾರನಾಗಿದ್ದ ಅಲ್-ಮಾವರ್ದಿಯನ್ನು ಸೋಲಿಸಿದ ಅಸ್-ಸೂಲಿ, ಆಟದಲ್ಲಿ ಹೇಗೋ ಹಾಗೆ ಗ್ರಂಥರಚನೆಯಲ್ಲಿಯೂ ಅಗ್ರಗಣ್ಯನಾದನು. ಅಲ್-ಅದ್ಲಿಯ ಗ್ರಂಥವನ್ನು ಅವನು ಪೂಜ್ಯವೆಂದು ಪಕ್ಕಕ್ಕಿಡದೆ ಅದರ ದೋಷಗಳನ್ನು ಎತ್ತಿ ತೋರಿಸಿದನು. ಚದುರಂಗ ಸಾಹಿತ್ಯದಲ್ಲಿ ಖಂಡನದ ಪರಂಪರೆ ಅಲ್ಲಿಂದ ಮೊದಲಾಗುತ್ತದೆ. ಅವನ ಶಿಷ್ಯ ಅಲ್-ಲಜ್ಲಾಜ್ ತಾಬಿಯಾಗಳಿಂದ ಆಟ ಮುಂದೆ ಹೇಗೆ ಬೆಳೆಯುತ್ತದೆಂಬುದನ್ನು ನಡೆನಡೆಯಾಗಿ ವಿಶ್ಲೇಷಿಸಿದನು. ಅಸ್-ಸೂಲಿ ಬಿಟ್ಟುಹೋದ ಒಂದು ಮನ್ಸೂಬಾ, ಇಬ್ಬರು ರಾಜರೂ ಇಬ್ಬರು ಮಂತ್ರಿಗಳೂ ಮಾತ್ರ ಇರುವ, 'ಸೂಲಿಯ ವಜ್ರ'ವೆಂದು ಹೆಸರಾದ ಸ್ಥಿತಿ, ಸಾವಿರ ವರ್ಷಗಳವರೆಗೆ ಬಿಡಿಸಲಾಗದೆ ಉಳಿಯಿತು. 20ನೇ ಶತಮಾನದ ಉತ್ತರಾರ್ಧದಲ್ಲಿ ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಯೂರಿ ಅವೆರ್ಬಾಖ್ ಅದರ ಉತ್ತರವನ್ನು ಕಂಡುಕೊಂಡನು. ಸತ್ತ ನಿಯಮಗಳ ಆಟವೊಂದರ ಪ್ರಶ್ನೆಗೆ ಹತ್ತು ಶತಮಾನಗಳ ಬಳಿಕ ಬೇರೆ ನಾಡಿನ ಓದುಗನೊಬ್ಬ ಉತ್ತರ ಕೊಟ್ಟ ಇಂಥ ನಿದರ್ಶನ ಬೇರೆ ಆಟಗಳ ಚರಿತ್ರೆಯಲ್ಲಿ ಸುಲಭವಾಗಿ ಸಿಗುವುದಿಲ್ಲ.

15ನೇ ಶತಮಾನದ ಕೊನೆಯಲ್ಲಿ ಸ್ಪೇನಿನಲ್ಲಿ ಮಂತ್ರಿಗೆ ಎಲ್ಲ ದಿಕ್ಕುಗಳಲ್ಲಿ ಎಷ್ಟು ಮನೆಗಳನ್ನಾದರೂ ದಾಟುವ ಬಲ ಬಂದಿತು, ಒಂಟೆಗೆ ಓರೆಸಾಲಿನ ಉದ್ದಕ್ಕೂ ಓಡುವ ಸ್ವಾತಂತ್ರ್ಯ ದೊರೆಯಿತು. ಅದರೊಂದಿಗೆ ಅರಬಿ ಗ್ರಂಥಗಳ ಬಹುಪಾಲು ವಿದ್ಯೆ ಒಂದೇ ತಲೆಮಾರಿನಲ್ಲಿ ನಿರುಪಯುಕ್ತವಾಯಿತು. ಹೊಸ ಆಟಕ್ಕೆ ಹೊಸ ಪುಸ್ತಕ ಬೇಕಾದ ಹೊತ್ತಿಗೆ ಅಚ್ಚಿನ ಯಂತ್ರವೂ ಬಂದಿದ್ದುದು ಆಟದ ಭಾಗ್ಯ. 1497ರಲ್ಲಿ ಸಾಲಮಾಂಕಾದಲ್ಲಿ ಲೂಸೆನಾ ಅಚ್ಚು ಹಾಕಿಸಿದ, 150 ಸಮಸ್ಯೆಗಳುಳ್ಳ ಕೃತಿ ಹೊಸ ನಿಯಮಗಳನ್ನು ಕುರಿತು ಇಂದಿಗೆ ಉಳಿದಿರುವ ಮುದ್ರಿತ ಗ್ರಂಥಗಳಲ್ಲಿ ಅತ್ಯಂತ ಹಳೆಯದು. ಆನೆ ಮತ್ತು ಪದಾತಿಯ ಕೊನೆಯಾಟದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯುವ ಪ್ರಸಿದ್ಧ ಸ್ಥಿತಿಗೆ 'ಲೂಸೆನಾ ಸ್ಥಿತಿ' ಎಂಬ ಹೆಸರಿದ್ದರೂ ಅದು ಅವನ ಪುಸ್ತಕದಲ್ಲಿ ಇಲ್ಲವೇ ಇಲ್ಲ, 1634ರ ಸಾಲ್ವಿಯೋನ ಗ್ರಂಥದಲ್ಲಿದೆ. ಮೂಲವನ್ನು ತೆರೆದು ನೋಡದೆ ಉಲ್ಲೇಖವನ್ನೇ ನಂಬುವ ಅಭ್ಯಾಸ ಈ ವಿದ್ಯೆಯನ್ನೂ ಬಿಟ್ಟಿಲ್ಲ. 17ನೇ ಶತಮಾನದ ಇಟಲಿಯ ಗ್ರೆಕೋ ತನ್ನ ಆಟಗಳ ಹಸ್ತಪ್ರತಿಗಳನ್ನು ಶ್ರೀಮಂತ ಆಶ್ರಯದಾತರಿಗೆ ಒದಗಿಸುತ್ತ ಯೂರೋಪಿನಲ್ಲಿ ಸಂಚರಿಸಿದನು. ಅವನ ಮರಣದ ಬಳಿಕ, 1656ರಲ್ಲಿ, ಲಂಡನ್ನಿನಲ್ಲಿ ಅವು ಅಚ್ಚಾದವು.

ಇಷ್ಟಾದರೂ ಓದುಗನಿಗೆ ಒಂದು ದೊಡ್ಡ ತೊಡಕು ಉಳಿದೇ ಇತ್ತು. ಒಂದು ನಡೆಯನ್ನು ಹೇಳಲು 'ರಾಜನ ಮುಂದಿನ ಪದಾತಿ ಎರಡು ಮನೆ ಮುಂದೆ' ಎಂಬಂಥ ಪೂರ್ಣ ವಾಕ್ಯವೇ ಬೇಕಾಗುತ್ತಿದ್ದುದರಿಂದ, ಮೂವತ್ತು ನಡೆಗಳ ಆಟವೊಂದು ಹಲವು ಪುಟಗಳನ್ನು ನುಂಗುತ್ತಿತ್ತು, ಮತ್ತು ಓದುವವನ ಗಮನ ಆಟದಿಂದ ವಾಕ್ಯದ ಕಡೆಗೆ ಹರಿದುಹೋಗುತ್ತಿತ್ತು. ಈ ತೊಡಕನ್ನು ಬಿಡಿಸಿದವನು ಸಿರಿಯಾದ ಅಲೆಪ್ಪೊ ನಗರದಲ್ಲಿ ಹುಟ್ಟಿ, ಮುಂದೆ ಇಂಗ್ಲೆಂಡಿನ ದೊರೆಗೆ ಪೌರ್ವಾತ್ಯ ಭಾಷೆಗಳ ದುಭಾಷಿಯಾದ ಫಿಲಿಪ್ ಸ್ಟಾಮ. 1737ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ನೂರು ಸಮಸ್ಯಾಸ್ಥಿತಿಗಳಿದ್ದವು, ಅಂದರೆ ಮನ್ಸೂಬಾ ಪರಂಪರೆಯೇ ಹೊಸ ಉಡುಪಿನಲ್ಲಿ ಯೂರೋಪನ್ನು ತಲುಪಿತ್ತು. ಅದಕ್ಕಿಂತ ಮಿಗಿಲಾಗಿ, ಮಣೆಯ ನಿಲುವು ಸಾಲುಗಳಿಗೆ ಎ ಯಿಂದ ಎಚ್ ವರೆಗಿನ ಅಕ್ಷರಗಳನ್ನೂ ಅಡ್ಡ ಸಾಲುಗಳಿಗೆ 1ರಿಂದ 8ರವರೆಗಿನ ಅಂಕಿಗಳನ್ನೂ ಕೊಟ್ಟು, ಅರುವತ್ತನಾಲ್ಕು ಮನೆಗಳಲ್ಲಿ ಪ್ರತಿಯೊಂದಕ್ಕೂ ಅಕ್ಷರ ಮತ್ತು ಅಂಕಿ ಕೂಡಿದ ಒಂದೊಂದು ಹೆಸರನ್ನು ಅವನು ಇಟ್ಟಿದ್ದನು. ಇಂದಿನ ಲಿಪಿಕ್ರಮದ ಮೂಲ ಇದೇ.

ಸ್ಟಾಮನ ಕೀರ್ತಿಯನ್ನು ಮರೆಮಾಡಿದವನು ಫ್ರಾನ್ಸಿನ ಸಂಗೀತ ರಚನಕಾರ ಫಿಲಿಡೋರ್. 1747ರಲ್ಲಿ ಲಂಡನ್ನಿನಲ್ಲಿ ನಡೆದ ಪಂದ್ಯಸರಣಿಯಲ್ಲಿ ಅವನು ಸ್ಟಾಮನನ್ನು ನಿರಾಯಾಸವಾಗಿ ಸೋಲಿಸಿ, ಎರಡು ವರ್ಷಗಳ ಬಳಿಕ, ಇನ್ನೂ ಇಪ್ಪತ್ತಮೂರು ತುಂಬುವ ಮೊದಲೇ, ಚದುರಂಗದ ವಿಶ್ಲೇಷಣೆಯನ್ನು ಕುರಿತ ತನ್ನ ಗ್ರಂಥವನ್ನು ಅಲ್ಲಿಯೇ ಪ್ರಕಟಿಸಿದನು. ಲಿಪಿಕ್ರಮದಲ್ಲಿ ಅವನು ಹಳೆಯ ಉದ್ದುದ್ದ ವಾಕ್ಯಗಳಿಗೇ ಅಂಟಿಕೊಂಡನು. ಆದರೆ ಅವನಿಗಿಂತ ಹಿಂದಿನವರು ಏನು ಆಡಬೇಕೆಂದು ಹೇಳುತ್ತಿದ್ದಲ್ಲಿ ಅವನು ಏಕೆ ಆಡಬೇಕೆಂದು ಹೇಳಿದನು. ಪದಾತಿಗಳೇ ಆಟದ ಪ್ರಾಣವೆಂಬುದು ಅವನ ಸಿದ್ಧಾಂತ: ಅವುಗಳ ಸರಪಳಿ ಕೆಡದಂತೆ ಮುನ್ನಡೆದರೆ ಗೆಲುವು ತಾನಾಗಿ ಒದಗುತ್ತದೆ, ಅವುಗಳ ದಾರಿಗೆ ಕುದುರೆಯನ್ನು ಅಡ್ಡ ನಿಲ್ಲಿಸುವುದು ತಪ್ಪು. ಇಟಲಿಯ ಮೊಡೆನಾ ನಗರದ ಡೆಲ್ ರಿಯೋ, ಲೊಲ್ಲಿ, ಪೊನ್ಜಿಯಾನಿ ಎಂಬ ಮೂವರು ವಿದ್ವಾಂಸರು ಈ ಗ್ರಂಥವನ್ನು ಮಣೆಯ ಮೇಲೆ ತೂಗಿ ನೋಡಿ, ಕಾಯಿಗಳನ್ನು ಬೇಗ ಹೊರತಂದು ರಾಜನ ಮೇಲೆ ಏರಿಹೋಗುವ ಮಾರ್ಗವನ್ನು ಫಿಲಿಡೋರ್ ಕಡೆಗಣಿಸಿದ್ದಾನೆಂದು ಆಕ್ಷೇಪಿಸಿದರು. ಈ ವಿವಾದದಲ್ಲಿ ಎರಡೂ ಪಕ್ಷಗಳು ಅರ್ಧ ಸತ್ಯವನ್ನು ಹಿಡಿದಿದ್ದವು. ಉಳಿದರ್ಧ ಸತ್ಯ ಹೊರಬಂದದ್ದು ಎರಡನ್ನೂ ಒಟ್ಟಿಗೆ ಓದಿದ ಮುಂದಿನ ತಲೆಮಾರುಗಳಿಂದ.

ಭಾರತದಲ್ಲಿ ಇದೇ ಹೊತ್ತಿಗೆ ಪರಿಸ್ಥಿತಿ ಬೇರೆಯಾಗಿತ್ತು. ಇಲ್ಲಿನ ದೇಶೀ ಪದ್ಧತಿಯಲ್ಲಿ ಪದಾತಿ ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದೆ ಹೋಗುತ್ತಿತ್ತು, ಶಹಕ್ಕೆ ಸಿಕ್ಕದ ರಾಜನಿಗೆ ಒಮ್ಮೆ ಮಾತ್ರ ಕುದುರೆಯಂತೆ ಹಾರುವ ಅವಕಾಶವಿತ್ತು, ಮತ್ತು ಈ ನಿಯಮಗಳೂ ಊರಿಂದೂರಿಗೆ ಬದಲಾಗುತ್ತಿದ್ದವು. ಆದ್ದರಿಂದ ಯೂರೋಪಿನ ಪುಸ್ತಕಗಳಲ್ಲಿದ್ದ ಆರಂಭದ ನಡೆಗಳು ದೇಶೀ ಆಟಗಾರನಿಗೆ ನೇರವಾಗಿ ಉಪಯೋಗಕ್ಕೆ ಬರುವಂತಿರಲಿಲ್ಲ. 1814ರಲ್ಲಿ ಬೊಂಬಾಯಿಯಲ್ಲಿ ಅಚ್ಚಾದ ತ್ರಿವೆಂಗಡಾಚಾರ್ಯ ಶಾಸ್ತ್ರಿಗಳ ಗ್ರಂಥ ಈ ಕಂದಕಕ್ಕೆ ಸೇತುವೆ ಕಟ್ಟಲು ಯತ್ನಿಸಿತು: ಸಂಸ್ಕೃತದಲ್ಲಿ ರಚಿತವಾಗಿ ಇಂಗ್ಲಿಷಿಗೆ ಭಾಷಾಂತರಗೊಂಡ ಅದು ಯೂರೋಪಿನ ನಿಯಮಗಳಿಗೆ ಹೊಂದಿಸಿದ ಸಮಸ್ಯಾಸ್ಥಿತಿಗಳ ಸಂಗ್ರಹವಾಗಿದ್ದು, ಕಲಿಯುವವನ ಆಟವನ್ನು ತಿದ್ದುವುದೂ ಸ್ಮರಣಶಕ್ತಿಯನ್ನು ಸಾಣೆಹಿಡಿಯುವುದೂ ತನ್ನ ಗುರಿಯೆಂದು ಶೀರ್ಷಿಕೆಯಲ್ಲಿಯೇ ಸಾರಿತ್ತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬೇರೆಯ ದಾರಿ ಹಿಡಿದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡ ಬಳಿಕ ಅರಮನೆಯನ್ನು ವಿದ್ಯೆ ಕಲೆಗಳ ಆಶ್ರಯವಾಗಿಸಿದ ಈ ದೊರೆ, ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯನ್ನು ಮಣೆಯಾಟಗಳಿಗೂ ಒಗಟುಗಳಿಗೂ ಮೀಸಲಿಟ್ಟರು. ಕುದುರೆ ಪ್ರತಿಯೊಂದು ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ ಇಡೀ ಮಣೆಯನ್ನು ಸುತ್ತುವ ಬಂಧಗಳನ್ನು ಅವರು ಹಲವಾರು ರಚಿಸಿದರು. ಅವುಗಳಲ್ಲಿ ಕುದುರೆಯ ನಡೆಗಳಿಗೆ ಕೊಟ್ಟ ಕ್ರಮಸಂಖ್ಯೆಗಳೇ ಮಾಯಾಚೌಕವಾಗುವಂಥವೂ ಉಂಟು. ಎಂಟು ಮನೆಯ ಮಣೆಯಲ್ಲಿ ಅಂಥ ಪ್ರತಿಯೊಂದು ಸಾಲಿನ ಮೊತ್ತ 260 ಆಗಬೇಕೆಂಬುದನ್ನು ನೆನೆದರೆ ಆ ಶ್ರಮದ ಪ್ರಮಾಣ ತಿಳಿಯುತ್ತದೆ. ಇದು ರುದ್ರಟನಿಂದ ಬಂದ ತುರಗಬಂಧದ ಧಾರೆಯ ಶಿಖರ. ಆಟವನ್ನು ಗೆಲ್ಲುವುದನ್ನು ಅದು ಕಲಿಸುವುದಿಲ್ಲವೆಂದು ಆಕ್ಷೇಪಿಸುವುದು ಸುಲಭ. ಆದರೆ ಮಣೆಯ ಮನೆಮನೆಯ ಸಂಬಂಧವನ್ನು ಕಣ್ಣಿಗೆ ಪಳಗಿಸುವ ಇಷ್ಟು ನಿಷ್ಠೆಯ ಅಭ್ಯಾಸವನ್ನು ಚದುರಂಗ ಶಿಕ್ಷಣದ ಚರಿತ್ರೆಯಿಂದ ಹೊರಗಿಡುವುದು ನ್ಯಾಯವಲ್ಲ.

ದೇಶೀ ಆಟಗಾರರ ಪ್ರತಿಭೆ ವಿಶ್ವದ ಗ್ರಂಥಗಳನ್ನು ಸೇರಿದ್ದು ದಾಖಲೆಯ ಮೂಲಕ. 19ನೇ ಶತಮಾನದ ನಡುಭಾಗದಲ್ಲಿ ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ವಕೀಲನೊಡನೆ ಆಡಿದ ಮಹೇಶಚಂದ್ರ ಬ್ಯಾನರ್ಜಿ, ಪದಾತಿಯನ್ನು ಒಂದೊಂದೇ ಮನೆ ನಡೆಸುವ ತನ್ನ ಅಭ್ಯಾಸಕ್ಕೆ ತಕ್ಕಂತೆ ಒಂಟೆಯನ್ನು ಮೂಲೆಯ ಓರೆಸಾಲಿನಲ್ಲಿ ಕೂರಿಸಿ ದೂರದಿಂದ ಹೋರಾಡುತ್ತಿದ್ದನು. ಕಾಕ್ರೇನ್ ಆ ಆಟಗಳನ್ನು ಬರೆದಿಟ್ಟದ್ದರಿಂದ ಅವು ಉಳಿದವು, ಮತ್ತು ಇಂದಿಗೂ ವಿಶ್ವಮಟ್ಟದಲ್ಲಿ ಆಡುವ 'ಇಂಡಿಯನ್ ಡಿಫೆನ್ಸ್' ಎಂಬ ರಕ್ಷಣಾಕ್ರಮಗಳ ಹೆಸರಿನಲ್ಲಿ ಮಹೇಶಚಂದ್ರನ ನೆನಪಿದೆ. ದೇಶೀ ಪದ್ಧತಿಯಲ್ಲಿ ಬೆಳೆದು, ಯೂರೋಪಿನ ಆರಂಭ ಸಿದ್ಧಾಂತವನ್ನು ತಡವಾಗಿ ಕಂಡ ಪಂಜಾಬಿನ ಸುಲ್ತಾನ್ ಖಾನ್ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದನು, ಮಾಜಿ ವಿಶ್ವಚಾಂಪಿಯನ್ ಕಪಾಬ್ಲಾಂಕನನ್ನೂ ಸೋಲಿಸಿದನು. ಗ್ರಂಥವೇ ಸರ್ವಸ್ವವೆನ್ನುವವರು ಉತ್ತರಿಸಬೇಕಾದ ಪ್ರಶ್ನೆ ಅವನು.

ಯೂರೋಪಿನಲ್ಲಿ ಈ ನಡುವೆ ಗ್ರಂಥಗಳು ಗಾತ್ರದಲ್ಲಿಯೂ ಬಗೆಯಲ್ಲಿಯೂ ಬೆಳೆದವು. 1836ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಚದುರಂಗ ಪತ್ರಿಕೆ ಹೊರಬಂದಿತು. ಬಿಲ್ಗರ್ ಆರಂಭಿಸಿ, ಅವನ ಅಕಾಲಮರಣದ ಬಳಿಕ ಫಾನ್ ಡರ್ ಲಾಸಾ ಮುಗಿಸಿ 1843ರಲ್ಲಿ ಬರ್ಲಿನ್ನಿನಲ್ಲಿ ಹೊರತಂದ ಕೈಪಿಡಿ ಆರಂಭದ ನಡೆಗಳನ್ನು ಕೋಷ್ಟಕಗಳಲ್ಲಿ ಜೋಡಿಸಿ, ಮುಂದಿನ ಎಪ್ಪತ್ತು ವರ್ಷ ಪರಿಷ್ಕರಣಗೊಳ್ಳುತ್ತ ಪ್ರಮಾಣವಾಗಿ ಉಳಿಯಿತು. ಆದರೆ ಕೋಷ್ಟಕವನ್ನು ಕಂಠಪಾಠ ಮಾಡಿದವನು ಎದುರಾಳಿ ಕೋಷ್ಟಕದಿಂದ ಆಚೆಗೆ ಹೆಜ್ಜೆಯಿಟ್ಟೊಡನೆ ದಿಕ್ಕೆಡುತ್ತಾನೆ. 1889ರಲ್ಲಿ ಸ್ಟೈನಿಟ್ಜ್ ಬರೆದ ಬೋಧಕ ಗ್ರಂಥವೂ 1925ರಲ್ಲಿ ಬಂದ ನಿಮ್ಜೋವಿಚ್‌ನ 'ನನ್ನ ಪದ್ಧತಿ'ಯೂ ನಡೆಗಳ ಬದಲಿಗೆ ತತ್ತ್ವಗಳನ್ನು ಕಲಿಸಹೊರಟದ್ದು ಈ ಕೊರತೆಯನ್ನು ತುಂಬಲೆಂದೇ. ಇಪ್ಪತ್ತೇಳು ವರ್ಷ ವಿಶ್ವಚಾಂಪಿಯನ್ ಆಗಿದ್ದ ಎಮಾನುಯೆಲ್ ಲಾಸ್ಕರ್ ತನ್ನ ಕೈಪಿಡಿಯಲ್ಲಿ ಕೊಟ್ಟ ಲೆಕ್ಕ ಎಲ್ಲಕ್ಕಿಂತ ಸ್ಪಷ್ಟವಾದುದು: ಹೊಸಬನನ್ನು ಗಟ್ಟಿ ಆಟಗಾರನಾಗಿಸಲು ಬೇಕಾದ 200 ಗಂಟೆಗಳಲ್ಲಿ ನಿಯಮಗಳಿಗೂ ಸರಳ ಕೊನೆಯಾಟಗಳಿಗೂ ತಲಾ 5, ಆರಂಭದ ನಡೆಗಳಿಗೆ 10, ಕಾಯಿಗಳ ಸಂಯೋಜಿತ ದಾಳಿಗೆ 20, ಸ್ಥಿತಿಯ ತೂಕವನ್ನು ಅರಿಯುವುದಕ್ಕೆ 40, ಉಳಿದ 120 ಗಂಟೆಗಳು ಆಡುವುದಕ್ಕೂ ಆಡಿದ್ದನ್ನು ವಿಶ್ಲೇಷಿಸುವುದಕ್ಕೂ. ಆರಂಭದ ನಡೆಗಳನ್ನೇ ಉರುಹೊಡೆಯುವ ಇಂದಿನ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಈ ಅನುಪಾತವನ್ನು ಗಮನಿಸುವುದು ಒಳ್ಳೆಯದು.

ಲಾಸ್ಕರ್ ಹೇಳಿದ ಆ 120 ಗಂಟೆಗಳನ್ನು ಶಿಸ್ತಾಗಿ ಮಾರ್ಪಡಿಸಿದ್ದು ಸೋವಿಯತ್ ಒಕ್ಕೂಟ. ಹನ್ನೆರಡನೆಯ ವಯಸ್ಸಿನಲ್ಲಿ ಆಟ ಕಲಿತು 1948ರಲ್ಲಿ ವಿಶ್ವಚಾಂಪಿಯನ್ ಆದ ಬೋತ್ವಿನ್ನಿಕ್, ಆಟಗಾರನು ತನ್ನ ಆಟಗಳಿಗೆ ತಾನೇ ಟಿಪ್ಪಣಿ ಬರೆದು ಪ್ರಕಟಿಸಬೇಕೆಂದು ಒತ್ತಾಯಿಸಿದನು. ಮನೆಯಲ್ಲಿ ಉಳಿದ ಟಿಪ್ಪಣಿಯ ತಪ್ಪು ಮುಚ್ಚಿಹೋಗುತ್ತದೆ, ಅಚ್ಚಾದ ಟಿಪ್ಪಣಿಯ ತಪ್ಪನ್ನು ಓದುಗರು ಎತ್ತಿ ತೋರಿಸುತ್ತಾರೆಂಬುದು ಅವನ ತರ್ಕ. ಕಾರ್ಪೋವ್, ಕಾಸ್ಪರೋವ್, ಕ್ರಾಮ್ನಿಕ್ ಈ ಮೂವರೂ ಅವನ ಶಾಲೆಯಲ್ಲಿ ಕಲಿತವರು. ಆ ಶಾಲೆಯನ್ನು ಹೊರಗಿನಿಂದ ಎದುರಿಸಿದ ಅಮೆರಿಕದ ಬಾಬಿ ಫಿಶರ್ ಸೋವಿಯತ್ ಪತ್ರಿಕೆಗಳನ್ನು ಓದಲೆಂದೇ ರಷ್ಯನ್ ಕಲಿತನು, ಮತ್ತು ಸ್ಟೈನಿಟ್ಜ್ ಆಡಿ ಅನಂತರ ಎಲ್ಲರೂ ಕೈಬಿಟ್ಟಿದ್ದ ಕುದುರೆಯ ನಡೆಯೊಂದನ್ನು ಹಳೆಯ ಪುಟಗಳಿಂದ ಎತ್ತಿ 1963ರಲ್ಲಿ ಆಡಿ ಗೆದ್ದನು. ಭಾಷೆಯ ತೊಡಕನ್ನು 1966ರಲ್ಲಿ ಬೆಲ್‌ಗ್ರೇಡಿನಿಂದ ಹೊರಟ 'ಚೆಸ್ ಇನ್‌ಫಾರ್ಮೆಂಟ್' ನಿವಾರಿಸಿತು. ಅದರಲ್ಲಿ ವಾಕ್ಯಗಳ ಬದಲಿಗೆ ಚಿಹ್ನೆಗಳನ್ನು ಬಳಸಿದ್ದರಿಂದ ಯಾವ ನಾಡಿನ ಓದುಗನಾದರೂ ಅದನ್ನು ಓದಬಹುದಾಗಿತ್ತು. ಮದರಾಸಿನಲ್ಲಿ ಸೋವಿಯತ್ ಸಾಂಸ್ಕೃತಿಕ ಕೇಂದ್ರದ ತಾಲ್ ಚೆಸ್ ಕ್ಲಬ್‌ನಲ್ಲಿ ಬೆಳೆದ ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು ಈ ಓದಿನ ವಾತಾವರಣದಲ್ಲಿಯೇ.

ಗ್ರಂಥವನ್ನು ಪರೀಕ್ಷಿಸುವ ಓದುಗರ ಸಾಲಿಗೆ ಕೊನೆಗೆ ಯಂತ್ರವೂ ಸೇರಿತು. ಎರಡು ಒಂಟೆಗಳು ಒಂದೇ ಕುದುರೆಯ ಎದುರು ಸಾಮಾನ್ಯವಾಗಿ ಗೆಲ್ಲಲಾರವು, ಕುದುರೆಗೆ ಕೋಟೆಯಂಥ ಒಂದು ನೆಲೆಯುಂಟು ಎಂದು ಕ್ಲಿಂಗ್ ಮತ್ತು ಹೋರ್ವಿಟ್ಜ್ 1851ರಲ್ಲಿ ಪ್ರಕಟಿಸಿದ ನಿರ್ಣಯವನ್ನು ನೂರಕ್ಕೂ ಹೆಚ್ಚು ವರ್ಷಗಳ ಕಾಲ ಪಠ್ಯಗಳು ಪುನರುಚ್ಚರಿಸಿದವು; 1983ರಲ್ಲಿ ಕೆನ್ ಥಾಂಪ್ಸನ್ ಕಂಪ್ಯೂಟರಿನಲ್ಲಿ ಆ ಕೊನೆಯಾಟದ ಎಲ್ಲ ಸ್ಥಿತಿಗಳನ್ನೂ ಲೆಕ್ಕಹಾಕಿದಾಗ, ಒಂಟೆಗಳ ಪಕ್ಷವೇ ಗೆಲ್ಲುತ್ತದೆ, ಕೆಲವೊಮ್ಮೆ ಅದಕ್ಕೆ 66 ನಡೆಗಳು ಬೇಕಾಗಬಹುದು ಎಂದು ತಿಳಿದುಬಂದಿತು. ಅದಕ್ಕೆ ಎರಡು ವರ್ಷ ಮೊದಲು, 1981ರಿಂದ, ವಿಶ್ವ ಚದುರಂಗ ಸಂಸ್ಥೆಯಾದ ಫಿಡೆ ತನ್ನ ಪಂದ್ಯಗಳಲ್ಲಿ ಒಂದೇ ಲಿಪಿಕ್ರಮಕ್ಕೆ ಮಾನ್ಯತೆ ಕೊಟ್ಟಿದೆ. ಪೂರ್ಣಾವಧಿಯ ಪಂದ್ಯದಲ್ಲಿ ಇಬ್ಬರು ಆಟಗಾರರೂ ತಮ್ಮ ಮತ್ತು ಎದುರಾಳಿಯ ನಡೆಗಳನ್ನು ದಾಖಲಿಸಿಕೊಳ್ಳಲೇಬೇಕು, ಮತ್ತು ಅವರು ದಾಖಲಿಸುವುದು ಅಲೆಪ್ಪೊದ ಸ್ಟಾಮ 1737ರಲ್ಲಿ ಮನೆಗಳಿಗೆ ಇಟ್ಟ ಹೆಸರುಗಳನ್ನೇ.